ಹಿಂದಿನಿಂದ ಓದಿದ ಲೇಬಲ್

ಫೆಬ್ರವರಿ 3, ಬೆಳಗ್ಗೆ 8
ಅಕ್ಕನಿಗೆ ಮಾತ್ರೆ ಕೊಟ್ಟೆ. ಬೆಳಗಿನದು ನಾನು, ಸಂಜೆಯದು ಅವಳೇ. ನುಂಗಿ ಕ್ಯಾಲೆಂಡರಿನಲ್ಲಿ ಗೀಟು. ನನ್ನ ಕಿಡ್ನಿ ಅವಳಿಗೆ ಹೋಗಿ ಎರಡು ವರ್ಷ. ಅವಳ ದೇಹ ಅದನ್ನು ಹೊರಗಿನದೆಂದು ತಳ್ಳದಿರಲು ಈ ಮಾತ್ರೆ. "ನಿನ್ನ ಕಿಡ್ನಿ ನಿನ್ ಹಾಗೇ ಕಣೋ, ಬೆಳಗ್ಗೆ ಬೇಗ ಏಳಲ್ಲ" ಅನ್ನುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಅನ್ನುವುದಿಲ್ಲ. ನಿದ್ದೆಯೂ ಇಲ್ಲ.

ಫೆಬ್ರವರಿ 6
ಪ್ರೆಸ್ಸಿನಲ್ಲಿ ದಿನವಿಡೀ ಲೇಬಲ್ ಪ್ರೂಫ್ ತಿದ್ದಿದೆ. ಔಷಧದವನ್ನು ಹಿಂದಿನಿಂದ ಓದುತ್ತೇನೆ... ಕೊನೆಯ ಪದ ಮೊದಲು. ಅರ್ಥ ಅಡ್ಡ ಬಂದರೆ ಕಣ್ಣು ತಪ್ಪುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಒಂದೂ ವಾಪಸು ಬಂದಿಲ್ಲ.
ಇವತ್ತಿನದು ಯಾವುದೋ ಹಳದಿ ಹೂವಿನ ಕ್ಯಾಪ್ಸೂಲ್. ಮನಸ್ಸಿನ ಭಾರಕ್ಕೆ, ನಿದ್ದೆಗೆ ಎಂದರು ಮ್ಯಾನೇಜರ್. ಸ್ಯಾಂಪಲ್ ಮೂರು ಬಾಟಲಿ ಕೊಟ್ಟರು. ಅಕ್ಕನಿಗೆ ತಂದೆ. ಹೂವು ತಾನೆ.

ಫೆಬ್ರವರಿ 27
ಏಳು ಗಂಟೆ ನಿದ್ದೆ ಬಂತಂತೆ. ನನ್ನ ಅಂಗಿ ನೋಡಿ, ಇಸ್ತ್ರಿ ಪೆಟ್ಟಿಗೆಗೂ ನಿನಗೂ ಮಾತಿಲ್ಲವೇ ಎಂದಳು. ನಕ್ಕಳು. ಮಾತಾಡಿದರೆ ಆ ನಗು ನಿಂತುಬಿಡಬಹುದು ಅನ್ನಿಸಿತು.

ಮಾರ್ಚ್ 15
ಅಕ್ಕನ ಚೆಕಪ್. ರಕ್ತದಲ್ಲಿ ಮಾತ್ರೆಯ ಅಂಶ ಅರ್ಧಕ್ಕಿಳಿದಿದೆ. ತಪ್ಪಿಸಿದಿರಾ ಎಂದು ಡಾಕ್ಟರಮ್ಮ ಎರಡು ಸಲ ಕೇಳಿದರು. ಇಲ್ಲ. ಬೇರೆ ಔಷಧ? ಇಬ್ಬರೂ ಒಟ್ಟಿಗೇ ಇಲ್ಲ ಎಂದೆವು. ಡೋಸ್ ಹೆಚ್ಚಿಸಿದರು. ದಾರಿಯುದ್ದಕ್ಕೂ ಅಕ್ಕ ತಲೆ ಎತ್ತಲಿಲ್ಲ.

ಏಪ್ರಿಲ್ 2
ಕಾಲು ಊದಿ ಮೂರು ದಿನದ ಹಿಂದೆ ಅಡ್ಮಿಟ್. ಇಂದು ಅವಳ ಚೀಲದಲ್ಲಿ ನರ್ಸಿಗೆ ಬಾಟಲಿ ಸಿಕ್ಕಿತು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. ಆ ಹೂವಿನ ಸಾರ ಕರುಳಲ್ಲಿ, ಪಿತ್ತಜನಕಾಂಗದಲ್ಲಿ ಮಾತ್ರೆಯನ್ನು ಬೇಗ ಒಡೆದುಹಾಕುತ್ತದಂತೆ. ನುಂಗಿದ್ದು ರಕ್ತಕ್ಕೆ ಸೇರುವುದೇ ಕಡಿಮೆ.
"ಲೇಬಲ್ಲಲ್ಲೇ ಇದೆಯಲ್ಲ. ಓದಲಿಲ್ವಾ?"
ಓದಿದ್ದೆ. 'ಬೇರೆ ಔಷಧ ಸೇವಿಸುವವರು ವೈದ್ಯರ ಸಲಹೆ ಪಡೆಯಿರಿ.' 'ಪಡೆಯಿರಿ'ಯಿಂದ ಶುರುಮಾಡಿ. ಅಕ್ಷರ ಸರಿಯಾಗಿಯೇ ಇತ್ತು.
ನಿಮ್ಮಕ್ಕನಿಗೆ ನೀವು ಹೇಳುತ್ತೀರಾ, ನಾನು ಹೇಳಲಾ ಎಂದರು. ನಾನೇ ಹೇಳುತ್ತೇನೆ ಎಂದೆ.

ಏಪ್ರಿಲ್ 20
ಕಿಡ್ನಿ ಉಳಿಯಲಿಲ್ಲ. ಅಕ್ಕನನ್ನು ಮನೆಗೆ ಕಳಿಸಿದರು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಬೇಕು. ಬಾಟಲಿಯ ವಿಷಯ ಇನ್ನೂ ಹೇಳಿಲ್ಲ.

ಏಪ್ರಿಲ್ 21, ಸಂಜೆ 4
ಯಂತ್ರದ ಪಕ್ಕ ಕೂತಿದ್ದೆ. ನಿದ್ದೆಯಲ್ಲಿದ್ದಾಳೆ ಅಂದುಕೊಂಡಿದ್ದೆ. "ನೀನು ಕೊಟ್ಟಿದ್ದನ್ನ ಉಳಿಸ್ಕೊಳ್ಳೋಕಾಗ್ಲಿಲ್ಲ ಕಣೋ. ಯಾವತ್ತೋ ಸಂಜೆ ಮಾತ್ರೆ ಮರೆತಿರ್ಬೇಕು ನಾನು. ಬೇಜಾರು ಮಾಡ್ಕೋಬೇಡ." ಹೊದಿಕೆ ಸರಿಮಾಡಿದೆ. ಮೊದಲೇ ಸರಿಯಾಗಿತ್ತು.

ಏಪ್ರಿಲ್ 22, ಬೆಳಗ್ಗೆ 8
ಅಕ್ಕನಿಗೆ ಗೊತ್ತಾಗದಂತೆ ಮೇಜಿನ ಈ ತುದಿಯಲ್ಲಿ ಬರೆಯುತ್ತಿದ್ದೇನೆ. ಆ ತುದಿಯಲ್ಲಿ ಅವಳು. ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ ತಂದಿದ್ದಾಳೆ. ಒಂದೊಂದು ಗೀಟಿನ ಮೇಲೂ ಬೆರಳು. ಮರೆತ ದಿನ ಹುಡುಕುತ್ತಿದ್ದಾಳೆ. ಫೆಬ್ರವರಿ, ಮಾರ್ಚ್ ಮುಗಿಯಿತು. ಸಿಗಲಿಲ್ಲವೆಂದು ಮತ್ತೆ ಮೊದಲಿನಿಂದ... ಕನ್ನಡಕ ಒರೆಸಿಕೊಂಡಳು. ಈಗ ಹೇಳಬೇಕು. ಅಕ್ಕಾ, ಅಲ್ಲಿ ತಪ್ಪಿಲ್ಲ, ನಾನು ತಂದ ಆ ಬಾಟಲಿ—