ಹುಳಾ ಉಂಡ್ವೇನ?

ಮಾರ್ಚ್ ೧೪, ಶುಕ್ರವಾರ

ಸಂಜೆಯಾದರೂ ಟ್ಯಾಂಕಿನ ನೀರು ಕಪ್ಪಗೇ ಇತ್ತು. ಎರಡು ಸಲ ಸೋಪು ಹಚ್ಚಿದರೂ ಕೈಯ ವಾಸನೆ ಹೋಗಿಲ್ಲ.

ಅವ್ವ ತೀರಿಕೊಂಡು ಆರು ದಿನ. ಇವತ್ತು ಕೆಲಸಕ್ಕೆ ಹೋದರೆ ಹೊಲಸು ನೀರು ಶುದ್ಧ ಮಾಡುವ ನಮ್ಮ ಘಟಕದಲ್ಲಿ ಸದ್ದೇ ಇಲ್ಲ. ಗಾಳಿ ಊದುವ ಮೋಟಾರು ನಿಂತಿದೆ. ವಾಚ್‌ಮನ್ ಶಟ್ಟೆಪ್ಪಕಾಕಾ ತಲೆ ತಗ್ಗಿಸಿದ. “ನಿಮ್ಮವ್ವ ಹ್ವಾದ ಮ್ಯಾಲ ಆ ಸಪ್ಪಳ ಬ್ಯಾಡ ಅನಸ್ತ ರೇಣವ್ವಾ. ಮಣ್ಣಾಗೂತನಕಾ ಅಂತ ಬಂದ್ ಮಾಡಿದ್ನಿ. ಆಮ್ಯಾಲ ಹಚ್ಚೂದು ನೆನಪಾಗಲಿಲ್ಲ.”

ಎಂಥ ಸಿಟ್ಟು ಬಂತು! ಆದರೆ ಅವ್ವನ ಮರ್ಯಾದೆಗೆಂದು ನಿಲ್ಲಿಸಿದವನನ್ನು ಹೇಗೆ ಬೈಯಲಿ?

ಗಾಳಿಯಿಲ್ಲದೆ ಟ್ಯಾಂಕಿನ ಜೀವಾಣುಗಳೆಲ್ಲ ಸತ್ತಿವೆ. ಹೊಲಸು ತಿಂದು ನೀರು ತಿಳಿ ಮಾಡುವವು ಅವೇ. ಊರಿನ ಬಚ್ಚಲ ನೀರು, ಗುಡ್ಡದ ದೇವಿಗೆ ಬಂದ ಭಕ್ತರ ಜಳಕದ ನೀರು, ಎಲ್ಲ ಹಾಗೇ ಹಳ್ಳ ಸೇರಿ ಮಲಪ್ರಭೆಗೆ ಹೋಗಿದೆ. ಕೆಳಗಿನ ಊರವರು ಅದನ್ನೇ ತುಂಬಿಕೊಂಡಿರಬೇಕು.

ಜೀವಾಣು ಮತ್ತೆ ಬೆಳೆಯಲು ಸಗಣಿ, ಬೆಲ್ಲ ಕಲಸಿ ಹಾಕಬೇಕು. ಅವ್ವನ ದಿನಕರ್ಮದ ಹೋಳಿಗೆಗೆ ತಂದಿದ್ದ ಬೆಲ್ಲವನ್ನೇ ಒಯ್ದು ಸುರಿದೆ. ಅವಳು ಬೇಡ ಅನ್ನುತ್ತಿರಲಿಲ್ಲ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಹಿತ್ತಲಲ್ಲೇ ಜಳಕ ಮಾಡಿಸಿ ಒಳಗೆ ಬಿಟ್ಟುಕೊಳ್ಳುತ್ತಿದ್ದವಳು, ಆಮೇಲೆ ದಿನಾ ಊಟದ ಗಂಗಾಳ ಇಡುತ್ತಲೇ ಆ ಜೀವಾಣುಗಳನ್ನೇ ವಿಚಾರಿಸುತ್ತಿದ್ದಳು: “ನಿನ್ನ ಹುಳಾ ಉಂಡ್ವೇನ ಯವ್ವಾ?”

ಇವತ್ತು ಗಂಗಾಳ ನಾನೇ ಇಟ್ಟುಕೊಂಡೆ. ತುತ್ತು ಎತ್ತಲಿಲ್ಲ.

ಇನ್ನಾ ಉಂಡಿಲ್ಲ ಯವ್ವಾ. ಅವೂ ಇಲ್ಲ, ನಾನೂ ಇಲ್ಲ.