ಬಾರದ ನೀರಿನ ಗುರುತು

ಪೆಲ್ಲಮ್ಸ್ ಲ್ಯಾಂಡಿಂಗ್, ಒಹಾಯೋ ನದಿ ದಂಡೆ
ಏಪ್ರಿಲ್ 9, 1951

ಅಮ್ಮಾ,

ನೀರು ಇಳಿಯಿತು. ಹೊಬಾರ್ಟನ ಅಂಗಡಿಯ ಎರಡನೇ ಮೆಟ್ಟಿಲು ಮುಟ್ಟಿ ಅಲ್ಲಿಂದಲೇ ಹಿಂದಿರುಗಿತು. ನಿನ್ನ ಹೊಲಿಗೆ ಯಂತ್ರವನ್ನು ಅಟ್ಟಕ್ಕೆ ಹೊತ್ತದ್ದು ದಂಡವಾಯಿತು. ಬೆನ್ನು ಇನ್ನೂ ನೋಯುತ್ತಿದೆ.

ಅಪ್ಪನ ವಿಷಯ ಹೇಳಬೇಕು. ಪ್ರತಿ ನೆರೆಗೂ ಅಂಗಡಿಯ ಕಂಬದಲ್ಲಿ ನೀರಿನ ಮಟ್ಟ ಕೆತ್ತುವುದು ಅವರ ಕೆಲಸವಲ್ಲವೇ? ಈ ಸಲ ನಾವೆಲ್ಲ ಗುಡ್ಡ ಹತ್ತುವ ಮೊದಲೇ ಕೆತ್ತಿಬಿಟ್ಟಿದ್ದರು, ತಮ್ಮ ಗದ್ದದ ಎತ್ತರಕ್ಕೆ, ಇಸವಿ ಸಮೇತ. ಮರಳಿ ಬರಲು ಊರೇ ಉಳಿಯುವುದಿಲ್ಲ ಎಂದುಕೊಂಡಿದ್ದರಂತೆ. ಚಿಕ್ಕಮ್ಮನ ಮನೆಗೆ ಹೊರಟಾಗ ನೀನು "ಇನ್ನು ಈ ಕೆಸರಿಗೆ ಕಾಲಿಡಲ್ಲ" ಎಂದೆಯಲ್ಲ, ಅದಾದ ಮೇಲೆಯೇ ಅವರು ಉಳಿ ಹಿಡಿದದ್ದು.

ಈಗ ಊರೆಲ್ಲ ನಗು.

"ಏನ್ ಆರ್ವಿಲಣ್ಣ, ನದಿಗೇ ದಾರಿ ತೋರ್ಸೋಕೆ ಹೋಗಿದ್ರಾ?" ಎಂದ ಹೊಬಾರ್ಟ್.

"ನಗ್ರಪ್ಪಾ, ನಗ್ರಿ. ನನ್ ಲೆಕ್ಕ ತಪ್ಪಿದ್ದಕ್ಕೆ ನನಗಿಂತ ಖುಷಿ ಯಾರಿಗಿದೆ?" ಎಂದರು ಅಪ್ಪ.

ಗುರುತನ್ನು ಹೆರೆದು ಅಳಿಸಲು ಹೊಬಾರ್ಟ್ ಬಿಡಲಿಲ್ಲ. ಅದಕ್ಕೆ ಅಪ್ಪ ನಿನ್ನೆ ಅದರ ಪಕ್ಕದಲ್ಲಿ "ಬರಲಿಲ್ಲ" ಎಂದು ಕೆತ್ತಿದರು. ಅಜ್ಜನ ಕಾಲದಿಂದ ನಮ್ಮೂರಿನ ಚರಿತ್ರೆ ಎಂದರೆ ಆ ಕಂಬವೇ. ಬಾರದ ನೀರಿಗೆ ಅದರಲ್ಲಿ ಜಾಗ ಸಿಕ್ಕಿದ್ದು ಇದೇ ಮೊದಲು.

ಶನಿವಾರದ ಬಸ್ಸಿಗೆ ಬಾ. ಚಿಕ್ಕಮ್ಮನನ್ನು ಕೇಳಿ ಒಂದಿಷ್ಟು ಬಟಾಣಿ ಬೀಜ ತಾ, ಬಿತ್ತಿದ್ದೆಲ್ಲ ಕೊಳೆತಿದೆ. ಬಸ್ ನಿಲ್ಲುವಲ್ಲಿಂದ ನಮ್ಮ ಬಾಗಿಲವರೆಗೂ ಅಪ್ಪ ಕೆಸರಿನ ಮೇಲೆ ಹಲಗೆ ಹಾಸಿದ್ದಾರೆ. ಯಾರಿಗೆ ಎಂದು ಕೇಳಿದರೆ ಇನ್ನೊಂದು ಹಲಗೆ ತರಲು ಹೊರಡುತ್ತಾರೆ.

ನಿನ್ನ ಮಗಳು,
ಕಾರ್ಲಿಸ್