ಊಟಕ್ಕೆ ಮಗಳು ಇಟ್ಟ ಇಂಗ್ಲಿಷ್ ಹೆಸರುಗಳು

ಮನೆಯಾಕೀ,

ಹೆಸರು ಹಿಡಿದು ಕರೆದ ಅಭ್ಯಾಸವಿಲ್ಲ, ಈಗ ಕರೆದರೆ ನೀನೇ ಗಾಬರಿಯಾಗುತ್ತೀ. 'ಏ, ಕೇಳಿಲ್ಲಿ' ಅಂತಲೇ ಶುರು ಮಾಡುತ್ತೇನೆ. ನಿನ್ನ ಮಗಳು ಊಟ ಬಿಟ್ಟಿದ್ದಾಳೆ. ಗದ್ದಲ ಮಾಡಿ ಬಿಟ್ಟಿಲ್ಲ, ಸಿಟ್ಟಿನಿಂದ ತಟ್ಟೆ ನೂಕಿಲ್ಲ. ನೀನು ಹೋದ ಮೇಲೆ ಸದ್ದಿಲ್ಲದೆ ಬಿಟ್ಟಳು, ಒಂದೇ ಮನೆಯಲ್ಲಿದ್ದ ನನಗೆ ಅದು ಗೊತ್ತಾಗಲಿಲ್ಲ. ಇದನ್ನು ನಿನಗಲ್ಲದೆ ಮತ್ಯಾರಿಗೆ ಹೇಳಲಿ?

ರಶ್ಮಿ ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ "ಮಮ್ಮಿ, ಐ ಆಮ್ ಸ್ಟಾರ್ವಿಂಗ್" ಅಂತ ಕೂಗುತ್ತಿದ್ದದ್ದು ನೆನಪಿದೆಯಾ? ಹಾಗಂದರೇನು ಅಂತ ನೀನು ಕೇಳಿದೆ. ಅನ್ನವಿಲ್ಲದೆ ಸಾಯುವುದು ಅಂತ ನಾನು ಅರ್ಥ ಹೇಳಿದೆ. "ದೀಪ ಹಚ್ಚೋ ಹೊತ್ತಿನ್ಯಾಗ ಹಂಗೆಲ್ಲಾ ಅನಬಾರ್ದವಾ" ಎಂದು ನೀನು ಅವಳ ಬಾಯಿಗೆ ಶೇಂಗಾ ಉಂಡಿ ತುರುಕಿದೆ. ಆದರೆ ಆ ಭಾಷೆಯ ರುಚಿ ನಿನಗೆ ಹತ್ತಿಬಿಟ್ಟಿತು. ಯಮ್ಮಿ, ಮಂಚಿಂಗ್, ಫುಡೀ, ಬ್ರಂಚ್... ಇಂಗ್ಲಿಷಿನಲ್ಲಿ ಅಂಚೆ ವಿಳಾಸ ಬರೆಯಲು ತಿಣುಕುತ್ತಿದ್ದವಳು ತಿನ್ನುವ ಶಬ್ದಗಳನ್ನಷ್ಟೇ ಹುಡುಕಿ ಹುಡುಕಿ ಕಲಿತೆ. ಗದಗದಲ್ಲಿ ನಮ್ಮಕ್ಕ ಮತ್ತೊಂದು ಹೋಳಿಗೆ ಹಾಕಲು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಐ ಆಮ್ ಸ್ಟಫ್ಡ್" ಅಂದೆಯಲ್ಲ! "ಈಕಿ ನನಗ ಬೈದ್ಲೇನೋ?" ಎಂದು ಅಕ್ಕ ನನ್ನ ಮುಖ ನೋಡಿದಳು.

ಆ ಶಬ್ದಗಳ ಶಾಲೆ ನಡೆಯುತ್ತಿದ್ದದ್ದು ಅಡುಗೆಮನೆಯ ನೆಲದ ಮೇಲೆ. ನಮ್ಮ ಕಡೆಯ ಪದ್ಧತಿಯಂತೆ ಗಂಡಸಿನ ಊಟ ಮೊದಲು ಆಗಬೇಕು. ಮುಂಬೈ ಮಗ್ಗುಲಿನ ಈ ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲೂ ನೀನು ಅದನ್ನು ಬಿಟ್ಟುಕೊಡಲಿಲ್ಲ. ನಾನು ಟೀವಿ ಮುಂದೆ ಬಿಸಿ ರೊಟ್ಟಿ ಮುರಿದು ಮುಗಿಸಿದ ಮೇಲೆ ನೀವಿಬ್ಬರೂ ಒಳಗೆ ಒಂದೇ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದಿರಿ. ಆಮೇಲೆ ನಗುವೋ ನಗು. ಏನು ಅಂಥ ತಮಾಷೆ ಅಂತ ಎಷ್ಟೋ ಸಲ ಕೇಳಬೇಕೆನ್ನಿಸಿತ್ತು. ಎದ್ದು ಬಂದು ಕೇಳುವಷ್ಟರಲ್ಲಿ ಟೀವಿಯಲ್ಲಿ ಸುದ್ದಿ ಶುರುವಾಗಿರುತ್ತಿತ್ತು.

ನೀನು ಹೋದ ಮೇಲೆ ನನ್ನ ಬೇಲಾಪುರದ ಆಫೀಸಿನಿಂದ ದಿನಾ ಮಧ್ಯಾಹ್ನ ಅವಳಿಗೆ ಮೆಸೇಜ್ ಹಾಕತೊಡಗಿದೆ: ಊಟ ಆಯ್ತಾ? ಐರೋಲಿಯ ಅವಳ ಆಫೀಸಿನಿಂದ ತಕ್ಷಣ ಉತ್ತರ ಬರುತ್ತಿತ್ತು. ಗ್ರ್ಯಾಬ್ಡ್ ಅ ಬೈಟ್, ಪಪ್ಪಾ. ಇನ್ನೊಂದು ದಿನ, ಜಸ್ಟ್ ಸ್ನ್ಯಾಕಿಂಗ್. ಭಾನುವಾರ ಗೆಳತಿಯರ ಜೊತೆ ಹೋದರೆ, ಹೆವೀ ಬ್ರಂಚ್. ನನಗೆ ಸಮಾಧಾನ. ತಿನ್ನುವುದಕ್ಕೆ ಇಷ್ಟೊಂದು ಹೆಸರಿಟ್ಟವಳು ಎಷ್ಟು ತಿನ್ನುತ್ತಿರಬೇಡ! ಬೆಳಿಗ್ಗೆ ಸ್ಟೇಷನ್ ಹತ್ತಿರದ ಪೋಳಿ-ಭಾಜಿ ಅಂಗಡಿಯಿಂದ ಚಪಾತಿ, ಪಲ್ಯ ತಂದು ಡಬ್ಬಿ ಕಟ್ಟಿ ಕೊಡುತ್ತಿದ್ದೆ, ಸಂಜೆ ಡಬ್ಬಿ ತೊಳೆದು ಬೋರಲು ಹಾಕಿರುತ್ತಿತ್ತು. ತಪ್ಪು ಹುಡುಕುವುದಾದರೂ ಎಲ್ಲಿ?

ಆದರೂ ಒಂದು ದಿನ ಅವಳ ಬಳೆ ಮೊಣಕೈವರೆಗೆ ಜಾರಿದ್ದು ಕಂಡಿತು. ಕತ್ತಿನ ಎಲುಬು ಕಂಡಿತು. ಡಯಟ್ ಏನವಾ ಅಂದೆ. "ನಹೀಂ ಪಪ್ಪಾ." ಆಫೀಸಿನ ಹುಡುಗಿಯರೆಲ್ಲ ಕಡ್ಡಿಯಾಗಲು ಹೊರಟ ಕಾಲ, ಸುಳ್ಳು ಹೇಳುತ್ತಾಳೆ ಅಂದುಕೊಂಡು ರೇಗಿದೆ. ರೇಗುವುದು ನನಗೆ ಸುಲಭ, ನಿನಗೆ ಗೊತ್ತಲ್ಲ. ಅವಳು ಬ್ಯಾಗ್ ಏರಿಸಿಕೊಂಡು ಹೊರಟುಹೋದಳು.

ಥಾಣೆ ಸ್ಟೇಷನ್ನಿನಲ್ಲಿ ನಾವಿಬ್ಬರೂ ಒಂದೇ ಲೋಕಲ್ ಗಾಡಿ ಹತ್ತುತ್ತೇವೆ, ಅವಳು ಲೇಡೀಸ್ ಡಬ್ಬಿಗೆ, ನಾನು ಜನರಲ್‌ಗೆ. ಅವಳು ಐರೋಲಿಯಲ್ಲಿ ಇಳಿದ ಮೇಲೂ ನಾನು ಮುಂದೆ ಹೋಗಬೇಕು. ಆವತ್ತು ಗಾಡಿ ಮುಂದಿನ ಸ್ಟೇಷನ್ ರಬಾಳೆ ತಲುಪುವಷ್ಟರಲ್ಲಿ ಅವಳ ಫೋನಿನಿಂದ ಬೇರೆ ಯಾರದೋ ದನಿ. "ಕಾಕಾ, ತುಮಚೀ ಮುಲ್ಗೀ ಚಕ್ಕರ್ ಯೇವೂನ್ ಪಡ್ಲೀ." ತಲೆ ಸುತ್ತಿ ಬಿದ್ದಿದ್ದಾಳೆ ಅಂತ. ಮರಳಿ ಐರೋಲಿ ಮುಟ್ಟುವವರೆಗೆ ನಾನು ಯಾವ ದೇವರನ್ನು ಬಿಟ್ಟೆ, ಯಾರನ್ನು ಕರೆದೆ, ನೆನಪಿಲ್ಲ. ನಿನ್ನನ್ನಂತೂ ಕರೆದೆ.

ಬೆಂಚಿನ ಮೇಲೆ ಒಬ್ಬಳು ಅಪರಿಚಿತ ಮರಾಠಿ ಹೆಂಗಸು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗ್ಲೂಕೋಸ್ ನೀರು ಕುಡಿಸುತ್ತಿದ್ದಳು. ಬಿದ್ದ ಬ್ಯಾಗಿನಿಂದ ಡಬ್ಬಿ ಹೊರಗೆ ಬಂದಿತ್ತು. ಬೇರೆ ದಿನಗಳಲ್ಲಿ ಅದು ಆಫೀಸಿನ ಕಾವಲುಗಾರನಿಗೆ ಹೋಗುತ್ತಿತ್ತಂತೆ, ಹಿಂದಿನ ದಿನ ಅವನು ರಜೆ, ಆ ಡಬ್ಬಿ ಬ್ಯಾಗಿನಲ್ಲೇ ಉಳಿದಿತ್ತು. ಒಳಗೆ ನಾನು ಕಟ್ಟಿದ ಚಪಾತಿ ಹಾಗೇ ಒಣಗಿ ಕೂತಿತ್ತು. "ಡಬ್ಬಾ ಕಾ ನಾಹೀ ಖಾಲ್ಲಾ ಗಂ?" ಅಂತ ಆ ಹೆಂಗಸು ಕೇಳಿದಳು. ಯಾಕೆ ಉಣ್ಣಲಿಲ್ಲವೇ? ಆ ಪ್ರಶ್ನೆಗೆ ನಿನ್ನ ಮಗಳು ಅಳತೊಡಗಿದಳು, ಬರುವ ಎಲ್ಲ ಭಾಷೆಗಳಲ್ಲೂ ಅತ್ತಳು. "ಛೋಡಾ ಹೈ ನಾ, ಪಪ್ಪಾ, ಬಿಟ್ಟಿದೀನಲ್ಲ... ಅತ್ತಿ ಹೇಳಿದ್ರಲ್ಲ, ಮಮ್ಮಿ ಹೆಸರಲ್ಲಿ ಬಿಡು ಅಂತ."

ನಿನ್ನ ಕಾರ್ಯದ ದಿನದ ಮಾತು ಅದು. ಎಲ್ಲ ಮುಗಿದ ಮೇಲೆ ಅಕ್ಕ ನಮ್ಮನ್ನು ಕೂರಿಸಿ, "ಆಕಿ ಹೆಸರಿಲೆ ತಿನ್ನೋದು ಒಂದು ಬಿಡ್ರಿ. ಬಾಯಿಬಿಟ್ಟು ಹೇಳಬ್ಯಾಡ್ರಿ, ಮನಸಿನ್ಯಾಗ ಅನ್ಕೋರಿ" ಅಂದಳು. ನಮ್ಮ ಮನೆತನದಲ್ಲಿ ಇದು ಮೊದಲಿನಿಂದ ಬಂದದ್ದು. ಏನು ಬಿಡಬೇಕು ಅಂತ ಯಾರೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ನಮ್ಮ ಕಾಕಾ ತನ್ನ ಅಪ್ಪನ ಹೆಸರಲ್ಲಿ ಪಡವಲಕಾಯಿ ಬಿಟ್ಟ, ಅದನ್ನು ಕಂಡರೆ ಅವನಿಗೆ ವಾಕರಿಕೆ. ಅಕ್ಕ ಬಿಟ್ಟದ್ದು ಗಂಟಲು ಕೆರೆಯುವ ಸುವರ್ಣಗಡ್ಡೆ. ನಾನು ನಿನ್ನ ಹೆಸರಲ್ಲಿ ಹಾಗಲಕಾಯಿ ಬಿಟ್ಟೆ. ಡೊಂಬಿವಲಿಯಲ್ಲಿ ಹುಟ್ಟಿದ ಹುಡುಗಿಗೆ ಈ ಜಾಣತನ ಯಾರು ಹೇಳಿಕೊಡಬೇಕಿತ್ತು? ಅವಳು ಕಣ್ಣುಮುಚ್ಚಿ ತನಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನೇ ಬಿಟ್ಟಳು. "ಮಮ್ಮಿ ಜೊತೆ ಕೂತು ಊಟ ಮಾಡೋದು," ಅಂದಳು. "ಮಮ್ಮಿನೇ ಇಲ್ಲ. ಸೋ... ಕೂತು ಊಟ ಮಾಡೋದೇ ಬಿಟ್ಟೆ."

ಹಾಗಾದರೆ ಅವಳು ನನಗೆ ಒಂದು ಸುಳ್ಳೂ ಹೇಳಿರಲಿಲ್ಲ. ಬೈಟ್ ಅಂದಾಗ ಒಂದು ತುತ್ತು ಸ್ಯಾಂಡ್‌ವಿಚ್ಚು, ಸ್ನ್ಯಾಕ್ ಅಂದಾಗ ಒಂದು ಬಿಸ್ಕತ್ತು. ಆ ಶಬ್ದಗಳೆಲ್ಲ ನಿಂತು ತಿನ್ನುವವರವು, ಓಡುತ್ತ ತಿನ್ನುವವರವು. 'ಊಟ ಆಯ್ತು' ಅಂತ ಒಂದು ದಿನವೂ ಅವಳು ಬರೆದಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. "ಅಯ್ಯ ಹುಚ್ಚಿ! ಇಷ್ಟದ್ದು ಯಾರರೆ ಬಿಡ್ತಾರೇನೋ?" ಅಂದಳು. ಆಮೇಲೆ ದನಿ ತಗ್ಗಿಸಿ, "ಆದ್ರ ಬಿಟ್ಟಿದ್ದು ಹಿಂದ ತಗೋಬಾರದಪಾ. ಹ್ವಾದಾಕಿಗೆ ಅಲ್ಲಿ ತಳಮಳ ಆಗ್ತದ." ಇದ್ದಾಕೆಗೆ ಇಲ್ಲಿ ಆಗುವುದು ಏನು ಅಂತ ಕಿರುಚಿ ಫೋನಿಟ್ಟೆ. ಆದರೆ ರಶ್ಮಿ ಪಕ್ಕದಲ್ಲೇ ಇದ್ದಳು, ಅಕ್ಕನ ಮಾತು ಕೇಳಿಸಿಕೊಂಡಿದ್ದಳು. ಡಾಕ್ಟರು ಟಾನಿಕ್ ಬರೆದು ಚೆನ್ನಾಗಿ ಊಟ ಮಾಡಿಸಿ ಅಂದರು. ನನಗೆ ಗೊತ್ತಿರಲಿಲ್ಲ ನೋಡು! ನಾನು ರಮಿಸಿದೆ, ಬೈದೆ, ಕೊನೆಗೆ ನಗಿಸೋಣ ಅಂತ ಹಾಗಲಕಾಯಿ ಕತೆ ಹೇಳಿದೆ. ಅವಳು ನಗಲಿಲ್ಲ. "ನೀವು ಮಮ್ಮಿಗೆ ಹಾಗಲಕಾಯಿ ಕೊಟ್ರಾ, ಪಪ್ಪಾ?" ಅಂದಳು. ನಾನು ಕೊಟ್ಟದ್ದು ಹಾಗಲಕಾಯಿ ಅಂತ ನಿನಗೂ ಅನ್ನಿಸಿತ್ತೇ?

ಹೋದ ಭಾನುವಾರ ಅಂಗಡಿಯಿಂದ ಜೋಳದ ಭಾಕರಿ ತಂದು ಬದನೆಕಾಯಿ ಎಣ್ಣೆಗಾಯಿ ನಾನೇ ಮಾಡಿದೆ. ತಳ ಹತ್ತಿತು. ಟೀವಿ ಹಾಕಲಿಲ್ಲ, ತಟ್ಟೆ ಹಿಡಿದು ಹೋಗಿ ಅಡುಗೆಮನೆಯ ನೆಲದ ಮೇಲೆ ಕೂತೆ. ಮೊಣಕಾಲು ನೋಯುತ್ತದೆ, ಈ ಮನೆಯಲ್ಲಿ ಅಲ್ಲಿ ಕೂತದ್ದು ಅದೇ ಮೊದಲು. ರಶ್ಮಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ಚೂರು ಮುರಿದು ಎಣ್ಣೆಗಾಯಿಯಲ್ಲಿ ಅದ್ದಿ ಅವಳ ಕಡೆ ಚಾಚಿದೆ.

"ಪಪ್ಪಾ, ಬೇಡ..."

"ಊಟ ಅಲ್ಲವಾ. ಬೈಟ್."

ಅವಳು ನನ್ನನ್ನೇ ನೋಡಿದಳು. ಕೋರ್ಟಿನಲ್ಲಿ ಜಡ್ಜ್ ನೋಡಿದ ಹಾಗೆ. "ಪಕ್ಕಾ?" ಅಂದಳು.

"ಪಕ್ಕಾ."

ನಿಂತೇ ತಿಂದಳು. ಇನ್ನೊಂದು ಚೂರು ಹಿಡಿದೆ. ಸ್ನ್ಯಾಕು ಅಂದೆ. ಮತ್ತೊಂದಕ್ಕೆ ಮಂಚಿಂಗ್ ಅಂದೆ. ನನ್ನ ಶಬ್ದಗಳು ಮುಗಿದವು, ಆಮೇಲೆ ಅವಳೇ ಹೇಳಿಕೊಡತೊಡಗಿದಳು: ನಿಬಲ್, ಪಪ್ಪಾ. ಟೇಸ್ಟಿಂಗ್. ಉಪ್ಪು ಜಾಸ್ತಿ ಹಾಕಿದೀರಿ. ಯಾವಾಗ ಕೂತಳೋ ನಾನು ನೋಡಲಿಲ್ಲ, ಬೇಕಂತಲೇ ನೋಡಲಿಲ್ಲ. ತಟ್ಟೆ ಖಾಲಿಯಾಗಿತ್ತು. ಅವಳು ಅಳುತ್ತಲೂ ಇದ್ದಳು, ಬೆರಳು ನೆಕ್ಕುತ್ತಲೂ ಇದ್ದಳು.

ಎಲ್ಲ ಸರಿಹೋಯಿತು ಅಂತ ಬರೆಯುತ್ತಿಲ್ಲ. ನಿನ್ನೆಯೂ ಡಬ್ಬಿ ಅರ್ಧ ಹಾಗೇ ಮರಳಿ ಬಂತು. ಫೋನ್ ಬಂದರೆ ಈಗಲೂ ಓಡಿ ಹೋಗಿ ಅವಳದೇನೋ ಅಂತ ನೋಡುತ್ತೇನೆ. ಈ ಮೋಸ ಎಷ್ಟು ದಿನ ನಡೆದೀತು, ಅವಳ ಮನಸ್ಸು ಎಂದು ತಿರುಗಿ ಬಿದ್ದೀತು, ನನಗೆ ತಿಳಿಯದು. ಅದಕ್ಕೇ ನಿನ್ನ ಕೈಕಾಲು ಹಿಡಿದು ಕೇಳುತ್ತಿದ್ದೇನೆ. ಅಲ್ಲಿಂದ ನಿನಗೆ ಈ ಅಡುಗೆಮನೆ ಕಾಣುತ್ತಿದ್ದರೆ, ಎದುರುಬದುರು ಕೂತು ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಕೈ ಹಾಕಿದ್ದು ಕಂಡರೆ, ತಳಮಳ ಮಾಡಿಕೊಳ್ಳಬೇಡ. ಮಗಳು ಮಾತು ಮುರಿದಳು ಅಂತ ಯಾರಾದರೂ ನಿನ್ನ ಕಿವಿಗೆ ಹಾಕಿದರೆ, ಅದು ಊಟವಲ್ಲ ಅಂತ ಹೇಳು. ಇಂಗ್ಲಿಷಿನಲ್ಲಿ ಹೇಳು. ನಿನಗೆ ಅಷ್ಟು ಬರುತ್ತದೆ.